ಮಡಚೋ ಕೋವಿ ತಗೊಂಡ ಅನುಭವ: ಕೆಲ್‌ಟೆಕ್ ಸಬ್ 2000

ಕೆಲ್‌ಟೆಕ್ ಕಂಪನಿಯ ಸಬ್ 2000 ತಗೊಂಡು ಈಗ ಕೆಲವು ತಿಂಗಳಾಯ್ತು. ಮೂರನೇ ಜನರೇಷನ್ನಿಂದು, 9 ಎಂಎಂ, ಗ್ಲಾಕ್ ಕಂಪನಿ ಪಿಸ್ತೂಲಿನ ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ಹಾಕೋ ಮಾಡೆಲ್ಲು. ಡಲ್ಲಾಸ್ ಕಡೆ ಇರೋ ನಮ್ಮವರಲ್ಲಿ ಸುಮಾರು ಜನ ಕೇಳ್ತಾನೇ ಇದಾರೆ, ಗ್ರೀನ್ ಕಾರ್ಡ್ ಇದ್ರೆ ಸಾಕಾ, ಫಾರ್ಮಲ್ಲಿ ಏನೇನು ಕೇಳ್ತಾರೆ, ಅಷ್ಟು ಕಡಿಮೆ ರೇಟಿಗೆ ಬರೋ ಗನ್ನನ್ನ ನಂಬಬಹುದಾ ಅಂತ, ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಕೋವಿ ಶೋಕಿ ವಸ್ತು ಅಲ್ಲ. ತೋಟಕ್ಕೆ ಮಂಗ, ಗದ್ದೆಗೆ ಹಂದಿ, ಅದಕ್ಕೆ ಬೆಳೆ ರಕ್ಷಣೆಯ ಲೈಸೆನ್ಸು, ಅಟ್ಟದ ಪಕ್ಕದ ಕೋಣೇಲಿ ಒಂದು ಒಂಟಿ ನಳಿಗೆ ತೋಟಾ ಕೋವಿ. ಗಾಳೀಲಿ ಒಂದೆರಡು ಈಡು ಹೊಡೆದು ಮಂಗ ಓಡಿಸೋದು ಬಿಟ್ರೆ ಅದಕ್ಕೆ ಬೇರೆ ಕೆಲಸ ಇರ್ಲಿಲ್ಲ, ಎಲೆಕ್ಷನ್ ಬಂತು ಅಂದ್ರೆ ಹೊತ್ಕೊಂಡು ಹೋಗಿ ಸ್ಟೇಷನ್ನಲ್ಲಿ ಡಿಪಾಸಿಟ್ ಮಾಡಿ ಚೀಟಿ ತಗೊಂಡು ಬರ್ಬೇಕು, ಮುಗಿದ್ಮೇಲೆ ಬಿಡಿಸ್ಕೊಂಡು ಬರ್ಬೇಕು, ಅಷ್ಟರಲ್ಲಿ ಹಂದಿಗಳು ಗದ್ದೆ ಮುಗಿಸಿರ್ತಿದ್ವು. ದೊಡ್ಡಪ್ಪ ಕಲಿಸಿದ್ದು ಒಂದೇ ಪಾಠ, ಕೋವಿ ಕೈಗೆ ಬಂದ ತಕ್ಷಣ ಮುರಿದು ನಳಿಗೆ ನೋಡು, ಖಾಲಿ ಅಂತ ಗೊತ್ತಿದ್ರೂ ನೋಡು. ಈ ಮಾತು ಸಬ್ 2000 ವಿಷಯದಲ್ಲಿ ಎಷ್ಟು ಮುಖ್ಯ ಅಂತ ಮುಂದೆ ಹೇಳ್ತೀನಿ.

ಅಮೆರಿಕಕ್ಕೆ ಬಂದು ಎಚ್-1ಬಿ ಮೇಲೆ ಇದ್ದಷ್ಟು ಕಾಲ ನಾನು ಈ ಕಡೆ ತಲೆ ಹಾಕ್ಲಿಲ್ಲ. ಕಾನೂನು ಏನು ಅಂದ್ರೆ, ನಾನ್ ಇಮಿಗ್ರಂಟ್ ವೀಸಾ ಮೇಲೆ ಇರೋರು ಗನ್ನಾಗಲಿ ಗುಂಡಾಗಲಿ ಇಟ್ಕೊಳ್ಳೋ ಹಾಗಿಲ್ಲ, ಅದಕ್ಕೆ ಕೆಲವು ವಿನಾಯಿತಿ ಇವೆ, ಅದರಲ್ಲಿ ಎಲ್ಲರಿಗೂ ಗೊತ್ತಿರೋದು ಹಂಟಿಂಗ್ ಲೈಸೆನ್ಸು. ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ತಗೋಬಹುದು. ನಮ್ಮ ಹುಡುಗರು ಸುಮಾರು ಜನ ಹಾಗೇ ತಗೊಂಡಿದಾರೆ, ತಪ್ಪೇನಿಲ್ಲ, ಆದ್ರೆ ಟೆಕ್ಸಾಸಿನ ಹಂಟಿಂಗ್ ಲೈಸೆನ್ಸ್ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತೆ, ನೀವು ಯಾವಾಗ ತಗೊಂಡಿದ್ರೂ ಅಷ್ಟೇ, ಅದು ಮುಗಿದ ಮೇಲೆ ರಿನ್ಯೂ ಮಾಡದೆ ಮನೇಲಿ ಗನ್ ಇಟ್ಕೊಂಡಿದ್ರೆ ಅದು ಫೆಡರಲ್ ಅಪರಾಧ, ವೀಸಾಗೂ ಏಟು ಗ್ರೀನ್ ಕಾರ್ಡ್ ಕನಸಿಗೂ ಏಟು. ಆ ತಾರೀಕನ್ನ ನೆನಪಲ್ಲಿ ಇಟ್ಕೊಳ್ಳೋ ಟೆನ್ಷನ್ ನನಗೆ ಬೇಡ ಅನ್ನಿಸ್ತು. ಗ್ರೀನ್ ಕಾರ್ಡ್ ಬಂದ್ಮೇಲೆ ಆ ಪ್ರಶ್ನೆನೇ ಇಲ್ಲ, ಪರ್ಮನೆಂಟ್ ರೆಸಿಡೆಂಟ್ ಅಂದ್ರೆ ಗನ್ ತಗೊಳ್ಳೋ ವಿಷಯದಲ್ಲಿ ಸಿಟಿಜನ್ ಥರಾನೇ.

ಯಾಕೆ ಇದೇ ಗನ್ನು ಅಂದ್ರೆ, ಮೊದಲನೇದು ಜಾಗ. ನಾವು ಇರೋದು ಅಪಾರ್ಟ್‌ಮೆಂಟು, ಮನೇಲಿ ಚಿಕ್ಕ ಮಗು ಇದೆ, ಗನ್ ಬಂದ್ರೆ ಸೇಫ್ ಒಳಗೇ ಇರ್ಬೇಕು ಅಂತ ಹೆಂಡತಿ ಮೊದಲೇ ಹೇಳಿಬಿಟ್ಟಿದ್ಲು, ಅದು ನನ್ನ ಮಾತೂ ಹೌದು. ರೈಫಲ್ ಇಡೋ ಎತ್ತರದ ಸೇಫು ಅಂದ್ರೆ ಅದರ ಭಾರ, ಅದರ ರೇಟು, ಲೀಸ್ ಮುಗಿದಾಗ ಅದನ್ನ ಸಾಗಿಸೋ ಕಷ್ಟ, ಯಾವುದೂ ನಮಗೆ ಹೊಂದಲ್ಲ. ಪಿಸ್ತೂಲ್ ತಗೊಂಡ್ರೆ ಚಿಕ್ಕ ಪೆಟ್ಟಿಗೆ ಸಾಕು, ಆದ್ರೆ ಪಿಸ್ತೂಲಲ್ಲಿ ಗುರಿ ಹಿಡಿಯೋದು ನಿಜವಾಗ್ಲೂ ಕಷ್ಟ, ಹೆಗಲಿಗೆ ಕೊಟ್ಟು ಹೊಡೆದು ಅಭ್ಯಾಸ ಇರೋನಿಗೆ ಇನ್ನೂ ಕಷ್ಟ. ಈ ಎರಡರ ನಡುವೆ ಒಂದು ದಾರಿ ಇದೆ ಅಂತ ತೋರಿಸಿದ್ದು ಸಬ್ 2000. ಬಿಚ್ಚಿದ್ರೆ ಸುಮಾರು 30 ಇಂಚಿನ ಕಾರ್ಬೈನು, ಅಂದ್ರೆ ಗಿಡ್ಡ ರೈಫಲ್ಲು, ಮಡಚಿದ್ರೆ 16 ಇಂಚಿನ ಆಸುಪಾಸು, ತೂಕ ಖಾಲಿ ಇದ್ದಾಗ 2 ಕೆಜಿಗೂ ಒಂಚೂರು ಕಡಿಮೆ. ಲ್ಯಾಪ್‌ಟಾಪ್ ಬ್ಯಾಗಲ್ಲಿ ಕೂರುತ್ತೆ.

ಮಡಚೋದು ಅಂದ್ರೆ ಹೆಗಲಿಗೆ ಕೊಡೋ ಹಿಂಬದಿಯ ಸ್ಟಾಕನ್ನ ಮಾತ್ರ ಪಕ್ಕಕ್ಕೆ ಮಡಚೋದಲ್ಲ, ಅದು ಎಷ್ಟೋ ಗನ್ನಲ್ಲಿದೆ. ಇದರಲ್ಲಿ ಟ್ರಿಗರ್ ಸುತ್ತ ಇರೋ ಬಳೆ, ಅಂದ್ರೆ ಟ್ರಿಗರ್ ಗಾರ್ಡ್, ಹಿಡಿದು ಕೆಳಗೆ ಎಳೆದ್ರೆ ನಳಿಗೆಯ ಬುಡದ ಲಾಕ್ ಬಿಡುತ್ತೆ, ಆಮೇಲೆ ನಳಿಗೆ ಪೂರ್ತಿ ಮೇಲೆ ಎದ್ದು ಹಿಂದಕ್ಕೆ ಬಂದು ಸ್ಟಾಕಿನ ಮೇಲೆ ಮಲಗಿ ಅಲ್ಲೇ ಕಚ್ಚಿಕೊಳ್ಳುತ್ತೆ, ಅಡಕತ್ತರಿ ಮಡಚಿದ ಹಾಗೆ, ಒಂದು ಕೀಲು, ಎರಡು ತೋಳು, ಅಷ್ಟೇ. ಹೀಗೆ ಮಡಚಬೇಕು ಅಂದ್ರೆ ನಳಿಗೆಯ ಹಿಂದೆ ಗ್ಯಾಸ್ ಪಿಸ್ಟನ್ನು, ಉದ್ದದ ರಿಸೀವರ್ರು (ಒಳಗಿನ ಯಂತ್ರ ಕೂರೋ ಗೂಡು) ಅಂತ ಏನೂ ಅಡ್ಡ ಇರಬಾರ್ದು. ಅದಕ್ಕೇ ಇದು ಸಾದಾ ಬ್ಲೋಬ್ಯಾಕು. ಗುಂಡು ಹಾರಿದಾಗ ನಳಿಗೆಯ ಹಿಂಬದಿ ಮುಚ್ಚೋ ಬೋಲ್ಟನ್ನ ಹಿಡಿದಿಡೋಕೆ ಯಾವ ಲಾಕೂ ಇಲ್ಲ, ಬೋಲ್ಟಿನ ಭಾರ ಮತ್ತೆ ಸ್ಪ್ರಿಂಗೇ ಹಿಡಿದಿಟ್ಟುಕೊಳ್ಳೋದು, ಆ ಬೋಲ್ಟು ಹಿಂದಕ್ಕೆ ಹೋಗೋದು ಸ್ಟಾಕಿನ ಕೊಳವೆ ಒಳಗೇ. ಮ್ಯಾಗಜೀನ್ ಕೂರೋದು ಕೈ ಹಿಡಿಕೆ ಒಳಗೆ. ಅಂದ್ರೆ ಒಂದೊಂದು ಭಾಗಕ್ಕೂ ಎರಡೆರಡು ಕೆಲಸ ಕೊಟ್ಟಿದಾರೆ, ಸ್ಟಾಕೇ ರಿಸೀವರ್ರು, ಹಿಡಿಕೆನೇ ಮ್ಯಾಗಜೀನ್ ಮನೆ. ಬಿಡಿಭಾಗ ಕಡಿಮೆ ಆದ್ರೆ ರೇಟೂ ಕಡಿಮೆ. ನನಗೆ ಈ ಕಂಪನಿ ಮೇಲೆ ಗೌರವ ಬಂದಿದ್ದು ಇಲ್ಲೇ, ಅಗ್ಗ ಮಾಡೋಕೆ ಅಂತ ಮೊದಲು ತಲೆ ಖರ್ಚು ಮಾಡಿದಾರೆ, ಆಮೇಲೆ ಸಾಮಾನು ಉಳಿಸಿದಾರೆ.

ಕಂಪನಿ ಬಗ್ಗೆ ಒಂಚೂರು ಹೇಳ್ಬೇಕು. ಕೆಲ್‌ಟೆಕ್ ಇರೋದು ಫ್ಲೋರಿಡಾದ ಕೊಕೊ ಅನ್ನೋ ಊರಲ್ಲಿ, 1991ರಲ್ಲಿ ಶುರು ಆಗಿದ್ದು. ಕಟ್ಟಿದವರು ಜಾರ್ಜ್ ಕೆಲ್‌ಗ್ರೆನ್, ಸ್ವೀಡನ್ನಲ್ಲಿ ಹುಟ್ಟಿದ ಡಿಸೈನರ್ರು, ಇಲ್ಲಿಗೆ ಬಂದು ಇಂಟ್ರಾಟೆಕ್, ಗ್ರೆಂಡೆಲ್ ಅಂತ ದಾಟ್ಕೊಂಡು ಕೊನೆಗೆ ತಮ್ಮದೇ ಕಂಪನಿ ಮಾಡಿದ್ರು. ಇಂಟ್ರಾಟೆಕ್ಕಿನ ಟೆಕ್-9 ಅನ್ನೋ ಗನ್ನಿಗೆ ಕೆಟ್ಟ ಹೆಸರಿದೆ, 1994ರ ಫೆಡರಲ್ ನಿಷೇಧದ ಪಟ್ಟೀಲಿ ಅದನ್ನ ಹೆಸರು ಹಿಡಿದು ಸೇರಿಸಿದ್ರು, ಅದು ಇತಿಹಾಸ, ಮುಚ್ಚಿಡೋದು ಬೇಡ. ಕೆಲ್‌ಟೆಕ್ಕಿನ ಮೊದಲ ಗನ್ನು 1995ರ ಪಿ-11 ಪಿಸ್ತೂಲು, ಆಮೇಲೆ 1999ರಲ್ಲಿ ಪಿ-32, ಖಾಲಿ ಇದ್ದಾಗ 200 ಗ್ರಾಂಗೂ ಕಮ್ಮಿ ತೂಕ. 2003ರಲ್ಲಿ ಅದರ ಅಣ್ಣ ಪಿ-3ಎಟಿ. 2008ರಲ್ಲಿ ಬೇರೆ ದೊಡ್ಡ ಕಂಪನಿಯೊಂದು ಅದೇ ಅಳತೆಯ ಪಿಸ್ತೂಲ್ ತಂದು ಭಾರೀ ಮಾರಾಟ ಮಾಡ್ತು, ಐಡಿಯಾ ಎಲ್ಲಿಂದ ಬಂತು ಅಂತ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ. 2011ರ ಕೆಎಸ್‌ಜಿ ಶಾಟ್‌ಗನ್ನಲ್ಲಿ ನಳಿಗೆ ಕೆಳಗೆ ಎರಡು ಕೊಳವೆ, ಒಂದೊಂದರಲ್ಲಿ 7 ತೋಟಾ, ಒಂದು ಕೊಳವೆ ಖಾಲಿ ಆದ್ರೆ ಒಂದು ಸ್ವಿಚ್ ತಳ್ಳಿ ಇನ್ನೊಂದಕ್ಕೆ ಹೋಗಬಹುದು, ಒಟ್ಟು ಉದ್ದ ಬರೀ 26 ಇಂಚು ಚಿಲ್ಲರೆ. ನಮ್ಮೂರಿನ ಜೋಡು ನಳಿಗೆ ನೋಡಿ ಬೆಳೆದ ನನಗೆ ಅದನ್ನ ಮೊದಲ ಸಲ ಅಂಗಡೀಲಿ ಕೈಗೆ ತಗೊಂಡಾಗ ಎರಡು ನಿಮಿಷ ಮಾತೇ ಬರ್ಲಿಲ್ಲ. ಆರ್‌ಡಿಬಿ ಅಂತ ಇನ್ನೊಂದು, ಖಾಲಿ ಕೇಸು ಪಕ್ಕಕ್ಕೆ ಹಾರದೆ ಕೆಳಗೆ ಉದುರುತ್ತೆ, ಎಡಗೈಯವರಿಗೂ ಆಗುತ್ತೆ. ಹೀಗೆ ಒಂದೊಂದರಲ್ಲೂ ಯಾರೂ ಕೇಳದೇ ಇದ್ದ ಒಂದು ಪ್ರಶ್ನೆ ಕೇಳಿರ್ತಾರೆ.

ಸಬ್ 2000 ಕಥೇನೂ ಹಾಗೇ. 90ರ ದಶಕದ ಕೊನೇಲಿ ಸಬ್-9 ಅಂತ ಇತ್ತು, ಅಲ್ಯುಮಿನಿಯಂದು, ಮಾಡೋಕೆ ಖರ್ಚು ಜಾಸ್ತಿ. 2001ರಲ್ಲಿ ಅದೇ ಐಡಿಯಾನ ಪಾಲಿಮರ್‌ಗೆ ತಂದು ಸಬ್ 2000 ಮಾಡಿದ್ರು. ಎರಡು ಅರ್ಧ ಹೋಳು, ನಡುವೆ ಸ್ಕ್ರೂ, ನೋಡೋಕೆ ಡ್ರಿಲ್ ಮಷೀನ್ ಕಾಣಿಸೋ ಥರಾನೇ ಕಾಣುತ್ತೆ, ಜನ ಆಡ್ಕೊಳ್ಳೋದೂ ಅದಕ್ಕೇ. 2015ರಲ್ಲಿ ಎರಡನೇ ಜನರೇಷನ್ನು, ಈಗ ಮೂರನೇದು. ಹಳೇದರಲ್ಲಿ ದೊಡ್ಡ ತಲೆನೋವು ಅಂದ್ರೆ ಮೇಲೆ ರೆಡ್ ಡಾಟ್ ಸೈಟ್ (ಕೆಂಪು ಚುಕ್ಕಿ ತೋರಿಸೋ ಗುರಿ ಕನ್ನಡಿ) ಕೂರಿಸಿದ್ರೆ ಮಡಚೋಕೆ ಆಗ್ತಿರ್ಲಿಲ್ಲ, ಬಿಚ್ಚಬೇಕು, ಇಲ್ಲಾಂದ್ರೆ ಬೇರೆಯವರು ಮಾಡಿದ ತಿರುಗೋ ಮೌಂಟ್ ಕೊಂಡು ಹಾಕ್ಬೇಕು. ಮೂರನೇದರಲ್ಲಿ ಮುಂದಿನ ಹಿಡಿಕೇನೇ ತಿರುಗುತ್ತೆ, ಸೈಟ್ ಪಕ್ಕಕ್ಕೆ ಹೋಗುತ್ತೆ, ಆಮೇಲೆ ಮಡಚಬಹುದು. ಟ್ರಿಗರ್ರೂ ಹಗುರ ಮಾಡಿದಾರೆ. ನಾನು ಮೂರನೇದಕ್ಕೇ ಕಾದಿದ್ದು ಈ ಎರಡಕ್ಕೇ.

ಲಿಸ್ಟ್ ರೇಟು 500 ಡಾಲರ್ ಆಸುಪಾಸು. ಕೆಲ್‌ಟೆಕ್ ವಿಷಯದಲ್ಲಿ ಎಲ್ಲರೂ ಹೇಳೋ ಮಾತು ಒಂದಿದೆ, ಅನೌನ್ಸ್ ಮಾಡೋದು ಮೊದಲು, ಅಂಗಡಿಗೆ ಬರೋದು ಯಾವಾಗ್ಲೋ. ಸುತ್ತಮುತ್ತಲ ಅಂಗಡಿಗೆಲ್ಲಾ ಫೋನ್ ಮಾಡಿದ್ರೆ ಒಂದೋ ಸ್ಟಾಕ್ ಇಲ್ಲ ಅಂತಾರೆ ಇಲ್ಲಾ ಗ್ಲಾಕ್ ಅಲ್ಲದ ಬೇರೆ ಮ್ಯಾಗಜೀನಿನ ಮಾಡೆಲ್ ಇದೆ ಅಂತಾರೆ, ಒಂದು ಕಡೆ ಇತ್ತು, ಆದ್ರೆ ಲಿಸ್ಟ್ ರೇಟಿಗಿಂತ ನೂರು ಡಾಲರ್ ಮೇಲೆ ಹೇಳಿದ್ರು, ಡಿಮ್ಯಾಂಡ್ ಇದೆ ಸಾರ್ ಅಂದ್ರು. ನೂರು ಡಾಲರ್ ಜಾಸ್ತಿ ಕೊಡೋದಾದ್ರೆ ಕಡಿಮೆ ರೇಟಿನ ಗನ್ನು ಅನ್ನೋದಕ್ಕೆ ಅರ್ಥ ಏನು, ಆ ದುಡ್ಡಿಗೆ ಸ್ಮಿತ್ ಆಂಡ್ ವೆಸ್ಸನ್ನಿನ ಎಫ್‌ಪಿಸಿ ಬರುತ್ತೆ, 2023ರಲ್ಲಿ ಬಂದಿದ್ದು, ಅದು ಪಕ್ಕಕ್ಕೆ ಮಡಚುತ್ತೆ, ಸ್ಟಾಕಲ್ಲೇ ಎಕ್ಸ್‌ಟ್ರಾ ಮ್ಯಾಗಜೀನ್ ಇಡೋ ಜಾಗ ಇದೆ, ಒಳ್ಳೆ ಗನ್ನೇ. ಆದ್ರೆ ತೂಕ ಜಾಸ್ತಿ, ಪಕ್ಕಕ್ಕೆ ಮಡಚೋದ್ರಿಂದ ಅಗಲಾನೂ ಜಾಸ್ತಿ, ನನ್ನ ಸೇಫಿಗೆ ಕೂರಲ್ಲ. ಹಾಗಾಗಿ ಕಾದೆ.

ಕೊನೆಗೆ ಆನ್‌ಲೈನಲ್ಲಿ ಸರಿಯಾದ ರೇಟಿಗೆ ಸಿಕ್ತು. ಇಲ್ಲಿ ಹೊಸಬರಿಗೆ ಒಂದು ಗೊಂದಲ ಇರುತ್ತೆ, ಆನ್‌ಲೈನಲ್ಲಿ ಗನ್ ಆರ್ಡರ್ ಮಾಡಿದ್ರೆ ಮನೆ ಬಾಗಿಲಿಗೆ ಬರಲ್ಲ. ನೀವು ದುಡ್ಡು ಕಟ್ಟಿದ ಮೇಲೆ ಅವರು ಅದನ್ನ ನಿಮ್ಮ ಊರಿನ ಲೈಸೆನ್ಸ್ ಇರೋ ಡೀಲರಿಗೆ ಕಳಿಸ್ತಾರೆ, ಎಫ್‌ಎಫ್‌ಎಲ್ ಅಂತಾರೆ ಅದನ್ನ, ಅಲ್ಲಿ ಫಾರ್ಮ್ ತುಂಬಿ ಹಿನ್ನೆಲೆ ತಪಾಸಣೆ ಪಾಸಾದ್ರೆ ಮಾತ್ರ ಕೈಗೆ. ಡೀಲರಿಗೆ ಟ್ರಾನ್ಸ್‌ಫರ್ ಫೀ ಅಂತ ಬೇರೆ, ಒಂದೊಂದು ಕಡೆ ಒಂದೊಂದು ಥರ, ಮೊದಲೇ ಕೇಳಿ. ಟ್ಯಾಕ್ಸೂ ಸೇರಿಸ್ಕೊಳ್ಳಿ, ಇಲ್ಲಿ 8.25 ಪರ್ಸೆಂಟು. ನಾನು ದೊಡ್ಡ ಅಂಗಡಿ ಬಿಟ್ಟು ಅಪ್ಪ ಮಗ ನಡೆಸೋ ಒಂದು ಸಣ್ಣ ಅಂಗಡಿ ಹಿಡಿದೆ, ಆತುರ ಮಾಡಲ್ಲ, ಪೆಟ್ಟಿಗೆ ಬಿಚ್ಚಿ ಸಮಾಧಾನವಾಗಿ ನೋಡೋಕೆ ಬಿಡ್ತಾರೆ.

ಈಗ ಫಾರ್ಮು. 4473 ಅಂತ ಅದರ ನಂಬರ್ರು, ಗನ್ ವ್ಯವಹಾರ ನೋಡ್ಕೊಳ್ಳೋ ಎಟಿಎಫ್ ಅನ್ನೋ ಫೆಡರಲ್ ಇಲಾಖೆಯದ್ದು. ನಮ್ಮವರಿಗೆ ಮುಖ್ಯ ಅನ್ನಿಸಿದ್ದು ಮಾತ್ರ ಹೇಳ್ತೀನಿ. ಡ್ರೈವಿಂಗ್ ಲೈಸೆನ್ಸಲ್ಲಿ ಇರೋ ಅಡ್ರೆಸ್ಸು ಮತ್ತೆ ನೀವು ಈಗ ಇರೋ ಅಡ್ರೆಸ್ಸು ಒಂದೇ ಆಗಿದ್ರೆ ಒಳ್ಳೇದು, ಮನೆ ಬದಲಾಯಿಸಿ ಅಪ್‌ಡೇಟ್ ಮಾಡಿಲ್ಲ ಅಂದ್ರೆ ಅಲ್ಲೇ ನಿಲ್ಲಬಹುದು, ಹೋಗೋಕೆ ಮುಂಚೆ ಅದನ್ನ ಸರಿ ಮಾಡ್ಕೊಂಡು ಹೋಗಿ. ಗ್ರೀನ್ ಕಾರ್ಡಿನವರು ಕಾರ್ಡ್ ಮೇಲಿರೋ ತಮ್ಮ ಎ-ನಂಬರ್ ಬರೀಬೇಕು, ಕಾರ್ಡ್ ಜೊತೇಲಿ ಇರಲಿ. ಯಾವ ದೇಶದ ಪ್ರಜೆ ಅನ್ನೋ ಕಡೆ ಇಂಡಿಯಾ. ಎತ್ತರ ಅಡಿ ಇಂಚಲ್ಲಿ, ತೂಕ ಪೌಂಡಲ್ಲಿ. ಆಮೇಲೆ ಹೌದು ಇಲ್ಲ ಅಂತ ಉತ್ತರಿಸೋ ಪ್ರಶ್ನೆಗಳು ಶುರು. ಮೊದಲನೇದು, ಈ ಗನ್ನಿನ ನಿಜವಾದ ಖರೀದಿದಾರ ನೀನೇನಾ ಅಂತ. ಇದು ಸುಮ್ಮನೆ ಕೇಳೋ ಪ್ರಶ್ನೆ ಅಲ್ಲ. ಫ್ರೆಂಡ್ ದುಡ್ಡು ಕೊಟ್ಟು ನಿನ್ನ ಹೆಸರಲ್ಲಿ ನನಗೆ ತಗೊಂಡು ಬಾ ಅಂದ್ರೆ ಅದು ಸ್ಟ್ರಾ ಪರ್ಚೇಸ್ಸು, ದೊಡ್ಡ ಅಪರಾಧ. ವೀಸಾ ಕಾಯ್ತಾ ಇರೋ ತಮ್ಮನೋ ರೂಮೇಟೋ ಕೇಳಿದ್ರೆ ಖಡಾಖಂಡಿತವಾಗಿ ಇಲ್ಲ ಅನ್ನಿ, ಎಷ್ಟೇ ಆಪ್ತರಾಗಿದ್ರೂ. ಗಾಂಜಾ ಬಗ್ಗೆ ಒಂದು ಪ್ರಶ್ನೆ ಇದೆ, ನಿಮ್ಮ ರಾಜ್ಯದಲ್ಲಿ ಲೀಗಲ್ ಆಗಿದ್ರೂ ಫೆಡರಲ್ ಕಾನೂನಲ್ಲಿ ಅಲ್ಲ ಅಂತ ಫಾರ್ಮಲ್ಲೇ ಎಚ್ಚರಿಕೆ ಬರೆದಿದಾರೆ. ವೀಸಾ ಸಂಬಂಧದ ಪ್ರಶ್ನೆಗಳನ್ನ ಹಿಂದಿನ ಪುಟದ ಸೂಚನೆ ಓದ್ಕೊಂಡು ನಿಧಾನವಾಗಿ ತುಂಬಿ. ಸಹಿ ಹಾಕೋರು ನಾವು, ಸುಳ್ಳು ಬರೆದ್ರೆ ಜೈಲಿಗೆ ಹೋಗೋರೂ ನಾವೇ.

ಫಾರ್ಮ್ ಮುಗಿದ ಮೇಲೆ ಡೀಲರ್ರು ಎಫ್‌ಬಿಐನ ನಿಕ್ಸ್ ಅನ್ನೋ ಹಿನ್ನೆಲೆ ತಪಾಸಣೆ ಸಿಸ್ಟಮ್ಮಿಗೆ ಕಳಿಸ್ತಾರೆ. 1993ರ ಬ್ರೇಡಿ ಕಾನೂನಿನ ಪ್ರಕಾರ ಬಂದಿದ್ದು, 1998ರಿಂದ ನಡೀತಿದೆ, ಆಫೀಸು ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗಲ್ಲಿ. ಮೂರರಲ್ಲಿ ಒಂದು ಉತ್ತರ ಬರುತ್ತೆ, ಪ್ರೊಸೀಡ್, ಡಿಲೇಡ್, ಡಿನೈಡ್. ಡಿಲೇಡ್ ಅಂತ ಬಂದ್ರೆ ಗಾಬರಿ ಬೇಡ, ನಮ್ಮ ಹೆಸರುಗಳು ಒಂದೇ ಥರ ಇರೋದ್ರಿಂದ ಬೇರೆ ಯಾರದ್ದೋ ದಾಖಲೆ ಜೊತೆ ತಾಳೆ ನೋಡ್ತಿರಬಹುದು, ಮೂರು ವರ್ಕಿಂಗ್ ಡೇ ಒಳಗೆ ಇಲ್ಲ ಅಂತ ಬರ್ಲಿಲ್ಲ ಅಂದ್ರೆ ಡೀಲರ್ರು ಕೊಡೋಕೆ ಫೆಡರಲ್ ಕಾನೂನಲ್ಲಿ ಅವಕಾಶ ಇದೆ, ಕೊಡಲೇಬೇಕು ಅಂತೇನಿಲ್ಲ. ನನಗೆ ಅಲ್ಲೇ ಒಂದು ಕಾಫಿ ಕುಡಿಯೋಷ್ಟರಲ್ಲಿ ಪ್ರೊಸೀಡ್ ಬಂತು. ಟೆಕ್ಸಾಸಲ್ಲಿ ಬೇರೆ ಪರ್ಮಿಟ್ಟೂ ಇಲ್ಲ, ಕಾಯೋ ಅವಧಿಯೂ ಇಲ್ಲ. ಈ ಗನ್ ತಯಾರಾಗೋ ಫ್ಲೋರಿಡಾದಲ್ಲೇ ಮೂರು ದಿನ ಕಾಯಿಸ್ತಾರೆ.

ಊರಲ್ಲಿ ಕೋವಿ ಲೈಸೆನ್ಸಿಗೆ ಅಪ್ಪ ಎಷ್ಟು ಓಡಾಡಿದ್ರು ಅಂತ ನೋಡಿದೀನಿ, ಅರ್ಜಿ, ಪೊಲೀಸ್ ವೆರಿಫಿಕೇಷನ್ನು, ಡಿಸಿ ಆಫೀಸು. ಇಲ್ಲಿ ಅರ್ಧ ಗಂಟೆ. ಇಷ್ಟು ಸುಲಭ ಇರೋದು ಒಳ್ಳೇದಾ ಅಂತ ನನ್ನ ಹೆಂಡತಿ ಕೇಳಿದ್ಲು. ನನಗೂ ಪೂರ್ತಿ ಸಮಾಧಾನ ಇಲ್ಲ, ಗನ್ ಹಿಡಿಯೋದು ಬರುತ್ತಾ ಅಂತ ಒಬ್ಬರೂ ಕೇಳ್ಲಿಲ್ಲ, ಒಂದು ದಿನದ ಸೇಫ್ಟಿ ಕ್ಲಾಸಾದ್ರೂ ಕಡ್ಡಾಯ ಮಾಡಬೇಕಿತ್ತು ಅನ್ಸುತ್ತೆ. ನಾವಿಬ್ಬರೂ ನಾವಾಗೇ ದುಡ್ಡು ಕಟ್ಟಿ ಕ್ಲಾಸಿಗೆ ಹೋಗಿ ಬಂದ್ವಿ, ತಗೊಳ್ಳೋ ಪ್ರತಿಯೊಬ್ಬರೂ ಹೋಗ್ಲೇಬೇಕು ಅಂತ ನನ್ನ ಒತ್ತಾಯ.

ದುಡ್ಡು ಕೊಟ್ಟು ಹೊರಡೋಕೆ ಮುಂಚೆ ಕೌಂಟರ್ ಮೇಲೇ ಬಿಚ್ಚಿ ನೋಡಿದ್ದು ಏನೇನು ಅಂದ್ರೆ, ಪೆಟ್ಟಿಗೆ ಮೇಲಿನ ಸೀರಿಯಲ್ ನಂಬರ್ರು, ಗನ್ ಮೇಲಿಂದು, ಫಾರ್ಮಲ್ಲಿ ಬರೆದಿದ್ದು ಮೂರೂ ಒಂದೇನಾ ಅಂತ. ಕೀಲಲ್ಲಿ ಆಟ ಇದೆಯಾ, ಅಂದ್ರೆ ಬಿಚ್ಚಿ ಲಾಕ್ ಆದ್ಮೇಲೆ ನಳಿಗೆ ಅಲ್ಲಾಡುತ್ತಾ ಅಂತ, ಇದೇ ಎಲ್ಲಕ್ಕಿಂತ ಮುಖ್ಯ, ಮಡಚೋ ಗನ್ನಿನ ಪ್ರಾಣ ಇರೋದೇ ಆ ಲಾಕಲ್ಲಿ. ಎರಡು ಹೋಳು ಸೇರೋ ಜಾಗದಲ್ಲಿ ಸಂದು ಸಮ ಇದೆಯಾ, ಸ್ಕ್ರೂ ಎಲ್ಲಾ ಬಿಗಿ ಇದೆಯಾ. ನಳಿಗೆ ಬಾಯಿ ಸುತ್ತ ಗೀರು ಇದೆಯಾ. ನಂದರಲ್ಲಿ ಪಾಲಿಮರ್ ಅಂಚು ಒಂದೆರಡು ಕಡೆ ಒರಟು ಇತ್ತು, ಅಷ್ಟಕ್ಕೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಹಳೇ ಎರಡನೇ ಜನರೇಷನ್ನಿಂದು ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಇನ್ನೊಂದು ಮಾತು, 2017ರಲ್ಲಿ ಕೆಲವು ಸಬ್ 2000 ನಳಿಗೆಗಳ ಹೀಟ್ ಟ್ರೀಟ್‌ಮೆಂಟ್ ಸರಿ ಆಗಿಲ್ಲ ಅಂತ ಕಂಪನಿಯೇ ರೀಕಾಲ್ ಮಾಡಿತ್ತು, ಸೀರಿಯಲ್ ನಂಬರ್ ಕಂಪನಿಗೆ ಕೊಟ್ಟು ವಿಚಾರಿಸದೆ ಅಂಥದ್ದರಲ್ಲಿ ಒಂದು ಗುಂಡೂ ಹಾರಿಸ್ಬೇಡಿ.

ಈಗ ದೊಡ್ಡಪ್ಪನ ಪಾಠಕ್ಕೆ ಬರ್ತೀನಿ. ಸಬ್ 2000 ಮಡಚಿದಾಗ ನಳಿಗೆ ಬಾಯಿ ಎಲ್ಲಿರುತ್ತೆ ಅಂತ ಯೋಚನೆ ಮಾಡಿ, ಹಿಂದಕ್ಕೆ, ಅಂದ್ರೆ ಹಿಡ್ಕೊಂಡಿರೋನ ಕಡೆಗೇ. ಬಿಚ್ಚುವಾಗ ಅದು ನಿಮ್ಮ ಭುಜದ ಹತ್ತಿರದಿಂದ ಎದ್ದು, ತಲೆ ಮೇಲಿಂದ ಹಾದು ಮುಂದೆ ಬರುತ್ತೆ. ಗುರಿ ಅಭ್ಯಾಸ ಮಾಡೋ ರೇಂಜಲ್ಲಿ ಗನ್ನಿನ ಬಾಯಿ ಯಾವಾಗ್ಲೂ ಮುಂದಕ್ಕೇ ಇರ್ಬೇಕು ಅನ್ನೋ ನಿಯಮ ಇದೆಯಲ್ಲ, ಈ ಗನ್ನು ಅದನ್ನ ಮುರಿಯದೆ ಬಿಚ್ಚೋಕೇ ಆಗಲ್ಲ. ಅದಕ್ಕೆ ಖಾಲಿ ಇರ್ಲೇಬೇಕು, ಮ್ಯಾಗಜೀನ್ ಹೊರಗೆ ಇರ್ಲೇಬೇಕು. ಸಮಾಧಾನದ ವಿಷಯ ಏನಂದ್ರೆ ಮಡಚಿದಾಗ ನಳಿಗೆಯ ಬುಡ ಪೂರ್ತಿ ತೆರೆದು ಕಣ್ಣೆದುರಿಗೇ ಬರುತ್ತೆ, ಚೇಂಬರ್ (ಗುಂಡು ಕೂರೋ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಬಹುದು, ಕಿರುಬೆರಳು ಇಟ್ಟೂ ನೋಡಬಹುದು, ಥೇಟ್ ನಮ್ಮ ತೋಟಾ ಕೋವಿ ಮುರಿದು ನೋಡೋ ಹಾಗೇ. ಹಾಗಾಗಿ ನಾನು ಸೇಫಿಂದ ತೆಗೆದಾಗೆಲ್ಲಾ ಮೊದಲು ಅದು, ಆಮೇಲೆ ಬೇರೆ. ಮಡಚಿದ ಗನ್ನು ಹಾರಲ್ಲ, ಗುಂಡು ಹಾರೋಕೆ ಬಿಚ್ಚಿ ಲಾಕ್ ಆಗಿರ್ಲೇಬೇಕು.

ರೇಂಜಿಗೆ ಕೊಡಗಿನ ಗೆಳೆಯನ ಜೊತೆ ಹೋಗಿದ್ದೆ. ಅವರ ಮನೇಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನೋ ಹೂ ಏರಿಸಿ ಪೂಜೆ ಮಾಡ್ತಾರೆ, ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇರೋದು ಎಲ್ಲರಿಗೂ ಗೊತ್ತು, ಅದನ್ನ 2029ರವರೆಗೆ ಮುಂದುವರಿಸಿದಾರೆ. ಗನ್ನಿನ ಬಗ್ಗೆ ಅವನ ಮಾತಿಗೆ ನನ್ನ ಹತ್ರ ಬೆಲೆ ಜಾಸ್ತಿ. ಮೊದಲು ಕೈಗೆ ತಗೊಂಡು ಇದೇನು ಪ್ಲಾಸ್ಟಿಕ್ಕು ಅಂದ. 25 ಗಜದಲ್ಲಿ ಒಂದು ಮ್ಯಾಗಜೀನ್ ಖಾಲಿ ಮಾಡಿ ಪೇಪರ್ ಹತ್ರ ತರಿಸಿ ನೋಡಿ ಸುಮ್ಮನಾದ. 50 ಗಜದಲ್ಲಿ ರೆಡ್ ಡಾಟ್ ಹಾಕ್ಕೊಂಡು ನಾನೇ ಅಂಗೈ ಅಗಲದೊಳಗೆ ಇಡ್ತೀನಿ, ಪಿಸ್ತೂಲಲ್ಲಿ ನನ್ನ ಕೈಲಿ ಅದು ಕನಸಿನ ಮಾತು. ಅದೇ 9 ಎಂಎಂ ಗುಂಡು 16 ಇಂಚಿನ ನಳಿಗೇಲಿ ಒಂದಷ್ಟು ಸ್ಪೀಡೂ ಜಾಸ್ತಿ ತಗೊಳ್ಳುತ್ತೆ, ಶಬ್ದಾನೂ ಕಡಿಮೆ. ನಳಿಗೆ ಸರಿಯಾಗಿ 16.1 ಇಂಚು ಯಾಕೆ ಇಟ್ಟಿದಾರೆ ಅಂದ್ರೆ, 16ಕ್ಕಿಂತ ಕಡಿಮೆ ಆದ್ರೆ 1934ರ ಎನ್‌ಎಫ್‌ಎ ಅನ್ನೋ ಫೆಡರಲ್ ಗನ್ ಕಾನೂನಿನ ಕೆಳಗೆ ಬೇರೆ ರಿಜಿಸ್ಟ್ರೇಷನ್ ಬೇಕು.

ಇಷ್ಟ ಆಗದೇ ಇದ್ದಿದ್ದೂ ಹೇಳ್ಬೇಕು. ಕೆನ್ನೆ ಇಡೋದು ಕೊಳವೆ ಮೇಲೆ, ಕೊಳವೆ ಒಳಗೆ ಬೋಲ್ಟು ಮತ್ತೆ ಸ್ಪ್ರಿಂಗ್ ಓಡಾಡ್ತಾ ಇರುತ್ತೆ, ಪ್ರತಿ ಗುಂಡಿಗೂ ಕಿವಿ ಪಕ್ಕದಲ್ಲೇ ಟೊಂಯ್ ಅಂತ ಸದ್ದು. ಜೊತೆಗೆ ಬಂದಿರೋ ಸಾದಾ ಸೈಟ್ ತುಂಬಾ ಕೆಳಗಿದೆ, ಕೆನ್ನೆ ಒತ್ತಿ ಹಿಡಿದ್ರೆ ಮಾತ್ರ ಕಾಣೋದು, ನೂರು ಗುಂಡು ಆದ್ಮೇಲೆ ಕೆನ್ನೆ ಮೂಳೆ ನೋವು ಬರುತ್ತೆ, ರೆಡ್ ಡಾಟ್ ಹಾಕಿದ್ಮೇಲೆ ಇದು ಹೋಯ್ತು. 9 ಎಂಎಂ ಗುಂಡಿನ ಲೆಕ್ಕಕ್ಕೆ ಒದೆತ ಜಾಸ್ತೀನೇ, ಬ್ಲೋಬ್ಯಾಕ್ ಆಗಿರೋದ್ರಿಂದ ಭಾರದ ಬೋಲ್ಟ್ ಬಂದು ಹಿಂದೆ ಬಡಿಯುತ್ತೆ. ಕೊನೇ ಗುಂಡು ಹಾರಿದ ಮೇಲೆ ಬೋಲ್ಟ್ ತೆರೆದು ನಿಲ್ಲಲ್ಲ, ಖಾಲಿ ಆಗಿದ್ದು ಕ್ಲಿಕ್ ಅಂದಾಗಲೇ ಗೊತ್ತಾಗೋದು, ಇದು ನನಗೆ ನಿಜವಾದ ಕೊರತೆ ಅನ್ಸುತ್ತೆ, ಇಷ್ಟು ತಲೆ ಓಡಿಸಿದವರು ಇದಕ್ಕೂ ಓಡಿಸಬಹುದಿತ್ತು. ಬೋಲ್ಟ್ ಹಿಂದಕ್ಕೆ ಎಳೆಯೋ ಚಾರ್ಜಿಂಗ್ ಹ್ಯಾಂಡಲ್ಲು ಸ್ಟಾಕಿನ ಕೆಳಗಿದೆ, ಹೊಸದರಲ್ಲಿ ಗಟ್ಟಿ, ಈಗ ಪರವಾಗಿಲ್ಲ. ಕೆಲ್‌ಟೆಕ್ ಇಟ್ಕೊಂಡಿರೋ ಹಳಬರು ಫ್ಲಫ್ ಆಂಡ್ ಬಫ್ ಅಂತ ಒಂದು ಮಾತು ಹೇಳ್ತಾರೆ, ಕಂಪನಿಯಿಂದ ಬಂದಿದ್ದನ್ನ ಮನೇಲಿ ಬಿಚ್ಚಿ, ಒರಟು ಕಡೆ ಉಜ್ಜಿ ಪಾಲಿಷ್ ಮಾಡಿ ಎಣ್ಣೆ ಹಾಕೋದು. ನಾನು ಪ್ಲಾಸ್ಟಿಕ್ ಅಂಚು ಮಾತ್ರ ನುಣುಪು ಮಾಡಿ, ಬೋಲ್ಟಿಗೆ ಎಣ್ಣೆ ಹಾಕಿದೆ, ಒಳಗಿನದಕ್ಕೆ ಕೈ ಹಾಕ್ಲಿಲ್ಲ.

ಕ್ಲೀನ್ ಮಾಡೋದಂತೂ ಬಲು ಸುಲಭ, ಸ್ಟಾಕಿನ ಹಿಂದಿನ ಒಂದು ಪಿನ್ ತೆಗೆದ್ರೆ ಸ್ಪ್ರಿಂಗು, ಹ್ಯಾಂಡಲ್ಲು, ಬೋಲ್ಟು ಎಲ್ಲಾ ಹಿಂದಿನಿಂದ ಹೊರಗೆ ಬರುತ್ತೆ. ಮ್ಯಾಗಜೀನ್ ಗ್ಲಾಕಿಂದು ಎಲ್ಲಾ ಕಡೆ ಸಿಗುತ್ತೆ, ಮ್ಯಾಗ್‌ಪುಲ್ ಅವರು ಮಾಡೋದು ಹದಿನೈದು ಡಾಲರ್ ಆಸುಪಾಸು. ಗ್ಲಾಕ್ ಮಾಡೆಲ್ಲೇ ಬೇಕು ಅಂತ ಕಾದಿದ್ದು ಇದಕ್ಕೇ, ಗನ್ ಅಗ್ಗ ಸಿಕ್ಕಿ ಮ್ಯಾಗಜೀನ್ ದುಬಾರಿ ಆದ್ರೆ ಉಪಯೋಗ ಇಲ್ಲ.

ಮನೇಲಿ ಸೇಫು ಗೋಡೆಗೆ ಬೋಲ್ಟ್ ಮಾಡಿಲ್ಲ, ಅಪಾರ್ಟ್‌ಮೆಂಟಲ್ಲಿ ಬಿಡಲ್ಲ, ಕೇಬಲ್ ಹಾಕಿ ಕ್ಲಾಸೆಟ್ಟಲ್ಲಿ ಕಟ್ಟಿದೀನಿ, ಗುಂಡು ಬೇರೆ ಪೆಟ್ಟಿಗೇಲಿ ಬೇರೆ ಕೀಲಿ. ಟೆಕ್ಸಾಸಲ್ಲಿ 17 ವರ್ಷದೊಳಗಿನ ಮಗುವಿಗೆ ಗುಂಡು ತುಂಬಿದ ಗನ್ ಸಿಗೋ ಹಾಗೆ ಬಿಟ್ರೆ ಕೇಸಾಗುತ್ತೆ, ಕೇಸಿನ ಮಾತು ಬಿಡಿ, ಮಗು ಇರೋ ಮನೇಲಿ ಇದರ ಬಗ್ಗೆ ಎರಡು ಮಾತೇ ಇರಬಾರ್ದು.

ಊರಿಗೆ ವಾಪಸ್ ಹೋಗುವಾಗ ತಗೊಂಡು ಹೋಗಬಹುದಾ ಅಂತ ಒಬ್ಬರು ಕೇಳಿದ್ರು. ಆಗಲ್ಲ, ಇಂಡಿಯಾದಲ್ಲಿ 9 ಎಂಎಂ ಸಾರ್ವಜನಿಕರಿಗೆ ನಿಷೇಧಿತ ಬೋರು. ಇಲ್ಲೇ ಬೇರೆ ರಾಜ್ಯಕ್ಕೆ ಹೋಗೋದಾದ್ರೂ ಕಾನೂನು ನೋಡ್ಕೊಬೇಕು. ನಮ್ಮ ಆಫೀಸಲ್ಲಿ ಕ್ಯಾಲಿಫೋರ್ನಿಯಾ ಟ್ರಾನ್ಸ್‌ಫರ್ ಮಾತು ನಡೀತಿದೆ, ಅಲ್ಲಿ ಪಿಸ್ತೂಲ್ ಹಿಡಿಕೆ ಮತ್ತೆ ಬಿಚ್ಚೋ ಮ್ಯಾಗಜೀನ್ ಎರಡೂ ಇರೋ ಇಂಥ ಕಾರ್ಬೈನನ್ನ ಅಸಾಲ್ಟ್ ವೆಪನ್ ಅಂತಾನೇ ಲೆಕ್ಕ ಹಾಕ್ತಾರೆ, ತಗೊಂಡು ಹೋಗೋ ಹಾಗಿಲ್ಲ. ಹೋಗೋದು ಖಾತ್ರಿ ಆದ್ರೆ ಅದೇ ಸಣ್ಣ ಅಂಗಡೀಲಿ ಇನ್ನೊಂದು 4473 ತುಂಬಿಸಿ ಕೊಡಗಿನ ಗೆಳೆಯನ ಹೆಸರಿಗೆ ಮಾಡ್ತೀನಿ, ರೇಟು ಈಗಾಗಲೇ ಮಾತಾಡಿ ಆಗಿದೆ, ರೆಡ್ ಡಾಟ್ ಮಾತ್ರ ಕೊಡಲ್ಲ ಅಂದಿದೀನಿ.